ಪೆಟ್ಟು ತಿಂದ ವಿಮಾನ

ಪೆಟ್ಟು ಬಿದ್ದದ್ದನ್ನು ನೋಡುವವರಿಗೆ ಮನಗಾಣಿಸುವುದು ಎಲ್ಲ ಕಲೆಗಳಲ್ಲಿಯೂ ಕಷ್ಟದ ಕೆಲಸವೇ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳತನಕ ಕುಳಿತು ಯಕ್ಷಗಾನ ನೋಡಿದ ಜನ ನಾವು. ರಂಗಸ್ಥಳದಲ್ಲಿ ಇಬ್ಬರು ವೀರರು ಬಿಲ್ಲು ಹಿಡಿದು ಎದುರುಬದುರಾಗುತ್ತಾರೆ; ಚಂಡೆಯ ದನಿ ಏರುತ್ತದೆ; ಇಬ್ಬರೂ ಗಿರಗಿರನೆ ಸುತ್ತುತ್ತಾರೆ. ಬಾಣ ಬಿಟ್ಟದ್ದೂ ಕಾಣುವುದಿಲ್ಲ, ನಾಟಿದ್ದೂ ಕಾಣುವುದಿಲ್ಲ. ರಕ್ತವಂತೂ ಒಂದು ತೊಟ್ಟೂ ಇಲ್ಲ. ಆದರೂ ವೇಷಧಾರಿ ಒಳ್ಳೆಯವನಾದರೆ, ಅವನ ಒಂದು ಹೆಜ್ಜೆ ತಾಳಕ್ಕೆ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ, ಎಡಗೈ ಮೊದಲಿನ ಎತ್ತರಕ್ಕೆ ಏರುವುದಿಲ್ಲ. ಮುಂದಿನ ಸಾಲಿನಲ್ಲಿ ಕವಳ ಹಾಕಿಕೊಂಡು ತೂಕಡಿಸುತ್ತಿದ್ದ ಅಜ್ಜ ಕಣ್ಣು ಬಿಟ್ಟು "ಬಿತ್ತು!" ಎನ್ನುತ್ತಾನೆ. ಬಣ್ಣದ ನೀರು ಚೆಲ್ಲಿಕೊಂಡು ಹೊರಳಾಡುವ ವೇಷವನ್ನು ಕಂಡರೆ ಅದೇ ಅಜ್ಜ ನಗುತ್ತಾನೆ.

ಇದೇ ವಿದ್ಯೆಯನ್ನು ಪೂರಾ ಬೇರೆ ದಾರಿಯಿಂದ ಸಾಧಿಸಹೊರಟಿರುವ ಒಂದು ಆಟವನ್ನು ನಾನು ಈಗ ಕೆಲವು ತಿಂಗಳಿಂದ ನೋಡುತ್ತಿದ್ದೇನೆ. ಕಂಪ್ಯೂಟರಿನ ಮುಂದೆ ಕುಳಿತು ಆಡುವ ವಿಮಾನಯುದ್ಧದ ಆಟ ಅದು. ಆಡುವವನು ನನ್ನ ತಮ್ಮನ ಮಗ. ಹದಿನೇಳು ವರ್ಷದ ಹುಡುಗ. ಸಿದ್ದಾಪುರ ತಾಲ್ಲೂಕಿನ ನಮ್ಮ ಹಳ್ಳಿಮನೆಯ ಮಾಳಿಗೆಯೇ ಅವನ ವಾಯುನೆಲೆ. ಕಂಪ್ಯೂಟರು ಕೊರೋನಾ ಕಾಲದಲ್ಲಿ ಪಾಠ ಕೇಳುವುದಕ್ಕೆಂದು ಮನೆಗೆ ಬಂದದ್ದು. ವಿಮಾನ ನಡೆಸುವ ಹಿಡಿಕೋಲನ್ನು ಅವನು ತೋಟದಲ್ಲಿ ಉದುರಿದ ಅಡಿಕೆ ಹೆಕ್ಕಿ ಮಾರಿದ ದುಡ್ಡಿನಿಂದ ತಾನೇ ಕೊಂಡದ್ದು. ಆದಕಾರಣ ಅದರ ವಿಷಯದಲ್ಲಿ ಹಿರಿಯರು ಬಾಯಿ ಹಾಕುವಂತಿಲ್ಲ.

ಬಾಯಿ ಹಾಕಬೇಕಾದ ಸಂದರ್ಭ ಬೇರೆ ಕಡೆಯಿಂದ ಬಂತು. ಹುಡುಗ ಒಂದು ದಿನ ಊಟಕ್ಕೆ ಕುಳಿತಾಗ, ತಾನು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶಪರೀಕ್ಷೆಗೆ ಅರ್ಜಿ ಹಾಕುವವನೆಂದೂ, ಪರೀಕ್ಷೆಗೆ ಧಾರವಾಡಕ್ಕೆ ಹೋಗಬೇಕೆಂದೂ, ಮುಂದೆ ವಾಯುಪಡೆಗೆ ಸೇರುವವನೆಂದೂ ತಿಳಿಸಿದ. ತಮ್ಮ ಮಾತಾಡಲಿಲ್ಲ. ತಮ್ಮನ ಹೆಂಡತಿ ಯಲ್ಲಾಪುರದ ಕಡೆಯವಳು, ಗಟ್ಟಿ ಹೆಣ್ಣು. ಅವಳೂ ಆಗ ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಹತ್ತಿರ ಬಂದು, "ಭಾವ, ನೀವಾದ್ರೂ ಒಂದ್ಸಲ ಕೂತು ನೋಡಿ. ಅಂವ ಎಂತ ಆಡ್ತಾ ಹೇಳಿ ಯಂಗೆ ತಿಳೀತಿಲ್ಲೆ. ಆ ಆಟ ನೋಡಿಯೇ ಅವಂಗೆ ಈ ಹುಚ್ಚು ಹಿಡದ್ದು" ಎಂದಳು. ಮೂವತ್ತು ವರ್ಷ ಗಣಿತ ಕಲಿಸಿದವನಾದ್ದರಿಂದ ಯಾವ ಯಂತ್ರವಾದರೂ ನನಗೆ ತಿಳಿದೀತೆಂದು ಮನೆಯಲ್ಲಿ ಒಂದು ನಂಬಿಕೆ. ಹಾಗೆ ನಾನು ಮಾಳಿಗೆ ಏರಿದೆ.

ನಾನು ನೋಡಬೇಕೆಂದುಕೊಂಡು ಹೋದದ್ದು ಬೆಂಕಿ, ಹೊಗೆ, ಸ್ಫೋಟ. ನೋಡಿದ್ದು ಬೇರೆ. ಮೊದಲ ರಾತ್ರಿ ಅವನು ಹಾರಿಸುತ್ತಿದ್ದುದು ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನ. ಎಲ್ಲಿಂದಲೋ ಟಪಟಪನೆ ಸದ್ದಾಯಿತು. ಪರದೆಯ ಮೇಲೆ ಅಂಥದೇನೂ ಆದಂತೆ ಕಾಣಲಿಲ್ಲ. ಹುಡುಗನ ಮುಖ ಮಾತ್ರ ಸಣ್ಣಗಾಯಿತು.

"ಎಂತ ಆತೋ ತಮಾ?" ಎಂದೆ.

"ರೇಡಿಯೇಟರಿಗೆ ಒಂದು ಗುಂಡು ಬಿತ್ತು ದೊಡ್ಡಪ್ಪ. ನೀರು ಸೋರ್ತಾ ಇದ್ದು."

"ಇನ್ನೆಷ್ಟು ಹೊತ್ತು ಹಾರ್ತು?"

"ಎರಡೋ ಮೂರೋ ನಿಮಿಷ. ವೇಗ ಇಳಿಸಿರೆ ಇನ್ನೂ ಒಂಚೂರು."

ಆ ಮೂರು ನಿಮಿಷ ಅವನು ಯಾರೊಡನೆಯೂ ಯುದ್ಧ ಮಾಡಲಿಲ್ಲ. ಉಷ್ಣತೆ ತೋರಿಸುವ ಮುಳ್ಳನ್ನೇ ನೋಡುತ್ತಿದ್ದ. ಅದು ಏರಿ ಏರಿ ಕೆಂಪು ಗೆರೆ ದಾಟಿತು. ಇಂಜಿನ್ನಿನ ಸದ್ದು ಒರಟಾಯಿತು. ಆಮೇಲೆ ಕಚ್ಚಿಕೊಂಡು ನಿಂತುಬಿಟ್ಟಿತು. ಅರಬೈಲು ಘಟ್ಟ ಹತ್ತುವ ಲಾರಿಗಳನ್ನು ನೋಡಿದವರಿಗೆ ಈ ಕಷ್ಟ ಹೊಸದಲ್ಲ. ರಸ್ತೆಯ ಬದಿಗೆ ಲಾರಿ ನಿಲ್ಲಿಸಿ, ಮೂತಿಯಿಂದ ಹಬೆ ಎದ್ದ ರೇಡಿಯೇಟರಿನ ಮುಂದೆ ಕೊಡಪಾನ ಹಿಡಿದು ನಿಂತ ಕ್ಲೀನರ್ ಹುಡುಗರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆಕಾಶದಲ್ಲಿ ರಸ್ತೆಯ ಬದಿ ಇಲ್ಲ, ಅಷ್ಟೇ ವ್ಯತ್ಯಾಸ.

ಈ ಆಟಗಳು ಮೊದಲು ಹೀಗಿರಲಿಲ್ಲವಂತೆ. ಮೊದಮೊದಲಿನವುಗಳಲ್ಲಿ ವಿಮಾನಕ್ಕೆ ಆಯುಸ್ಸೆಂದು ಒಂದು ಸಂಖ್ಯೆ ಇರುತ್ತಿತ್ತು. ಅದು ನೂರು ಎಂದಿಟ್ಟುಕೊಳ್ಳಿ. ಒಂದೊಂದು ಗುಂಡಿಗೂ ಇಷ್ಟಿಷ್ಟು ಕಳೆಯುತ್ತ ಬರುವುದು. ಸೊನ್ನೆ ಮುಟ್ಟಿದೊಡನೆ ವಿಮಾನ ಢಮ್ಮೆಂದು ಒಡೆಯುವುದು. ತೊಂಬತ್ತೊಂಬತ್ತರವರೆಗೂ ಅದು ಹೊಸ ಮದುವಣಿಗನಂತೆ ಹಾರುತ್ತಿರುತ್ತಿತ್ತು. 2001ರಲ್ಲಿ ಮಾಸ್ಕೋದ ಒಂದು ತಂಡ 'ಇಲ್-2 ಸ್ಟುರ್ಮೊವಿಕ್' ಎಂಬ ಆಟವನ್ನು ಹೊರತಂದಿತು. ಅಲ್ಲಿ ರೆಕ್ಕೆ ಬೇರೆ, ಬಾಲ ಬೇರೆ, ಇಂಜಿನ್ನು ಬೇರೆ, ಇಂಧನದ ತೊಟ್ಟಿ ಬೇರೆ, ಹಾರಿಸುವವನ ಮೈಯೂ ಬೇರೆ. ಗುಂಡು ಎಲ್ಲಿಗೆ ಬಿತ್ತೆಂಬುದರ ಮೇಲೆ ಪರಿಣಾಮ. ಅಲ್ಲಿಂದೀಚೆಗೆ ಈ ಶಾಸ್ತ್ರ ಬಹಳ ಬೆಳೆದಿದೆ. 'ಡಿಸಿಎಸ್ ವರ್ಲ್ಡ್' ಎಂಬ ಆಟದವರು ಮಹಾಯುದ್ಧ ಕಾಲದ ತಮ್ಮ ವಿಮಾನಗಳಿಗಾಗಿ 2020ರಲ್ಲಿ ಹೊಸದೊಂದು ಪೆಟ್ಟಿನ ಲೆಕ್ಕವನ್ನೇ ಹಾಕಿಕೊಟ್ಟರು. ರೆಕ್ಕೆಯೊಳಗಿನ ತೊಲೆಗೆ ಗುಂಡು ತಗುಲಿದರೆ ರೆಕ್ಕೆ ತಕ್ಷಣ ಮುರಿಯುವುದಿಲ್ಲ; ಆಮೇಲೆ ನೀವು ಜೋರಾಗಿ ತಿರುವು ತೆಗೆದುಕೊಂಡಾಗ ಮುರಿಯುತ್ತದೆ. ತಂತಿ ಕಡಿದರೆ ಹಿಡಿಕೋಲು ಸಡಿಲವಾಗುತ್ತದೆ. ಒಂದು ರೆಕ್ಕೆಯ ಚರ್ಮ ಹರಿದರೆ ವಿಮಾನ ಆ ಕಡೆಗೇ ವಾಲುತ್ತದೆ. ಕಾಲು ಸೋತ ಎತ್ತನ್ನು ಗಾಡಿಗೆ ಕಟ್ಟಿದ ಹಾಗೆ ದಾರಿಯುದ್ದಕ್ಕೂ ಇನ್ನೊಂದು ಕಡೆಗೆ ಎಳೆದು ಹಿಡಿದುಕೊಂಡೇ ಹೋಗಬೇಕು.

ಇಂಧನದ ತೊಟ್ಟಿಯ ವಿಷಯ ನನಗೆ ಬಹಳ ಹಿಡಿಸಿತು. ಆ ಕಾಲದ ಯುದ್ಧವಿಮಾನಗಳ ತೊಟ್ಟಿಗೆ ಹಸಿ ರಬ್ಬರಿನ ಒಂದು ಪದರ ಇರುತ್ತಿತ್ತು. ಗುಂಡು ತೂತು ಮಾಡಿಕೊಂಡು ಹೋದರೆ ಸೋರಿದ ಪೆಟ್ರೋಲು ಆ ರಬ್ಬರಿಗೆ ತಾಗಿ, ಅದು ಉಬ್ಬಿ, ತೂತನ್ನು ತಾನೇ ಮುಚ್ಚುವುದು. ಮರಕ್ಕೆ ಕತ್ತಿ ತಾಗಿದಲ್ಲಿ ಅಂಟು ಒಸರಿ ಗಾಯ ಮುಚ್ಚುವಂತೆ. ಸಣ್ಣ ತೂತಾದರೆ ಮುಚ್ಚುತ್ತದೆ, ಫಿರಂಗಿಯ ಗುಂಡಿನ ತೂತು ಮುಚ್ಚುವುದಿಲ್ಲ. ಆಟದಲ್ಲಿಯೂ ಹಾಗೆಯೇ. ಬಿಳಿಯ ಎಳೆಯೊಂದು ರೆಕ್ಕೆಯ ಹಿಂದೆ ಹೊರಟು, ಕ್ರಮೇಣ ಸಣ್ಣದಾಗಿ, ನಿಂತುಹೋಗುವುದನ್ನು ನೋಡಿದಾಗ ನನಗೆ ಅರಿವಿಲ್ಲದೆಯೇ ಉಸಿರು ಬಿಟ್ಟೆ.

ಈ ಆಟಗಾರರಿಗೆ ತಮ್ಮೊಳಗೇ ಒಂದು ದೊಡ್ಡ ವ್ಯಾಜ್ಯವುಂಟು. "ನಾನು ಇಷ್ಟು ಗುಂಡು ಹೊಡೆದೆ, ಅವನು ಬೀಳಲಿಲ್ಲ, ಈ ಲೆಕ್ಕವೇ ಸುಳ್ಳು" ಎಂಬುದು ಹೊಡೆದವನ ವಾದ. "ಒಂದೇ ಗುಂಡಿಗೆ ನನ್ನ ವಿಮಾನ ಹೋಯಿತು; ಈ ಲೆಕ್ಕವೇ ಸುಳ್ಳು" ಎಂಬುದು ತಿಂದವನ ವಾದ. ಶಿರಸಿಯ ಕೋರ್ಟಿನಲ್ಲಿ ತೋಟದ ಗಡಿಯ ದಾವೆಗಳನ್ನು ನೋಡಿದ ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಆದರೆ ವಿಚಾರಿಸಿ ನೋಡಿದರೆ ಇಬ್ಬರ ಸಂಶಯಕ್ಕೂ ಉತ್ತರ ಇತಿಹಾಸದಲ್ಲಿದೆ. 1943ರ ಫೆಬ್ರವರಿ 1ರಂದು ಟ್ಯುನೀಸಿಯದ ಮೇಲೆ ಅಮೆರಿಕದ ಒಂದು ಬಿ-17 ಬಾಂಬರಿಗೆ ಜರ್ಮನ್ ವಿಮಾನವೊಂದು ಬಂದು ಡಿಕ್ಕಿ ಹೊಡೆಯಿತು. ಬಾಲದ ಹತ್ತಿರ ಒಡಲು ಅಡ್ಡಡ್ಡ ಸೀಳಿಹೋಗಿ, ಎಡಗಡೆಯ ಅಡ್ಡಬಾಲ ಹಾರಿಹೋಗಿ, ಉಳಿದ ಬಾಲ ಒಂದಿಷ್ಟು ತಗಡಿನ ಆಧಾರದಿಂದ ನೇತಾಡುತ್ತಿತ್ತು. ಆ ಸ್ಥಿತಿಯಲ್ಲಿ ಅದು ಅಲ್ಜೀರಿಯದ ಬಿಸ್ಕ್ರಾ ನೆಲೆಯವರೆಗೆ ಹಾರಿ ಬಂದು ಇಳಿಯಿತು. ಒಳಗಿದ್ದ ಹತ್ತು ಜನರಲ್ಲಿ ಯಾರಿಗೂ ಗಾಯವಾಗಲಿಲ್ಲ. ಹಾರುತ್ತಿರುವಾಗಲೇ ತೆಗೆದ ಛಾಯಾಚಿತ್ರವಿದೆ, ಇಲ್ಲದಿದ್ದರೆ ಯಾರೂ ನಂಬುತ್ತಿರಲಿಲ್ಲ. ಇನ್ನೊಂದು ಕಡೆ, 1918ರ ಏಪ್ರಿಲ್ 21ರಂದು ಜರ್ಮನಿಯ ರಿಖ್ಟ್‌ಹೋಫೆನ್, ಎಂಬತ್ತು ವಿಮಾನಗಳನ್ನು ಉರುಳಿಸಿದ ವೀರ, ಒಂದೇ ಒಂದು ಗುಂಡಿನಿಂದ ಸತ್ತ. ಅವನ ವಿಮಾನ ಹೊಲವೊಂದರಲ್ಲಿ ಬಂದು ಇಳಿಯಿತು, ಉರಿಯಲಿಲ್ಲ, ಒಡೆಯಲಿಲ್ಲ. ಆಟದಲ್ಲಿ ಇವೆರಡೂ ಆಗಿದ್ದರೆ ಎರಡೂ ಪಕ್ಷದವರು ಆಟ ಮಾಡಿದವನ ಮೇಲೆ ಬೀಳುತ್ತಿದ್ದರು.

ಬಡಪಾಯಿಯೆನಿಸುವ ಹರಿಕೇನ್ ವಿಮಾನದ ಮೇಲೆ ನನಗೆ ಹೆಚ್ಚಿನ ಮಮತೆ. ನಮ್ಮ ವಾಯುಪಡೆಯವರು ಬರ್ಮಾ ಯುದ್ಧದಲ್ಲಿ ಹಾರಿಸಿದ್ದು ಅದನ್ನು. ಅದರ ಹಿಂಭಾಗ ಲೋಹದ ಕೊಳವೆಗಳ ಹಂದರ, ಮೇಲೆ ಬಟ್ಟೆಯ ಹೊದಿಕೆ. ಒಡೆಯುವುದಕ್ಕೆ ಅಲ್ಲಿ ಏನೂ ಇಲ್ಲವಾದ್ದರಿಂದ ಗುಂಡು ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಟುಹೋಗುತ್ತಿತ್ತು. ಇಳಿದ ಮೇಲೆ ಬಟ್ಟೆಗೆ ತೇಪೆ ಹಾಕಿದರೆ ಮತ್ತೆ ಸಿದ್ಧ. ಬಡತನವೂ ಒಂದು ಕವಚವಾಗುವುದುಂಟು.

ತೇಪೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಈ ಆಟಗಳಲ್ಲಿ ಇಲ್ಲದ ಒಂದು ಅಧ್ಯಾಯ ನಮ್ಮ ಬೆಂಗಳೂರಿನಲ್ಲಿ ನಡೆದಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಕಟ್ಟಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಯುದ್ಧಕಾಲದಲ್ಲಿ, 1943ರಲ್ಲಿ, ಅಮೆರಿಕದ ವಾಯುಸೇನೆ ವಹಿಸಿಕೊಂಡಿತು; ಪೂರ್ವರಂಗದ ವಿಮಾನಗಳು ದುರಸ್ತಿಗೆ ಅಲ್ಲಿಗೆ ಬರುತ್ತಿದ್ದವು. ಯುದ್ಧ ಮುಗಿದ ಮೇಲೆ ಲಿಬರೇಟರ್ ಎಂಬ ದೊಡ್ಡ ಬಾಂಬರುಗಳನ್ನು ಬ್ರಿಟಿಷರು ಕಾನಪುರದಲ್ಲಿ ಬಿಟ್ಟುಹೋದರು. ಸುಮ್ಮನೆ ಬಿಡಲಿಲ್ಲ, ಇನ್ನು ಯಾರೂ ಹಾರಿಸಬಾರದೆಂದು ಇಂಜಿನ್ನಿಗೆ ಮರಳು ಸುರಿದು, ಒಳಗಿನ ಉಪಕರಣಗಳನ್ನು ಒಡೆದು ಹೋದರು. ವೈರಿ ಮಾಡದ ಗಾಯವನ್ನು ಒಡೆಯನೇ ಮಾಡಿದ. 1948ರಲ್ಲಿ ನಮ್ಮವರು ಅವುಗಳಿಗೆ ಅಲ್ಲಿಯೇ ಒಂದಿಷ್ಟು ಕಟ್ಟುಪಟ್ಟಿ ಮಾಡಿ, ಜಮ್‌ಷೆಡ್ ಮುನ್ಷಿಯೆಂಬ ಗಟ್ಟಿಗ ವೈಮಾನಿಕ ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿ ತಂದ. ಬೆಂಗಳೂರಿನಲ್ಲಿ ನಲವತ್ತರಷ್ಟು ವಿಮಾನಗಳು ಮರುಹುಟ್ಟು ಪಡೆದು 1968ರವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು. ಅವುಗಳಲ್ಲಿ ಒಂದು ಈಗ ಲಂಡನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಹೊಡೆದವರೇ ಅದನ್ನು ಕೇಳಿ ಪಡೆದು ಇಟ್ಟುಕೊಂಡಿದ್ದಾರೆ. ಹುಡುಗನಿಗೆ ಈ ಕತೆ ಹೇಳಿದೆ. ಕೇಳಿ ಅವನು ಮರಳು ಹಾಕಿದರೆ ಇಂಜಿನ್ನಿನಲ್ಲಿ ಯಾವ ಯಾವ ಭಾಗ ಸವೆಯುತ್ತದೆಂದು ನನಗೇ ವಿವರಿಸತೊಡಗಿದ. ಹದಿನೇಳು ವರ್ಷದವರಿಗೆ ಕತೆ ಹೇಳುವುದು ಸುಲಭವಲ್ಲ.

ಮೂರು ನಾಲ್ಕು ವಾರ ನೋಡಿದ ಮೇಲೆ ನನಗೆ ಒಂದು ಹಳೆಯ ಪರಿಚಯ ಹತ್ತಿತು. ಇದನ್ನು ನಾನು ಮೊದಲೂ ಕಂಡಿದ್ದೇನೆ ಅನ್ನಿಸಿತು. ಎಲ್ಲಿ ಎಂದು ಯೋಚಿಸಿದರೆ, ದ್ರೋಣಪರ್ವದಲ್ಲಿ! ಅಭಿಮನ್ಯುವಿಗೆ ಆಯುಸ್ಸಿನ ಒಂದು ಸಂಖ್ಯೆ ಇಟ್ಟು ಅದನ್ನು ನೂರರಿಂದ ಸೊನ್ನೆಗೆ ಇಳಿಸಿದ ಕತೆಯಲ್ಲ ವ್ಯಾಸರದು. ಕರ್ಣ ಮೊದಲು ಬಿಲ್ಲನ್ನು ಕಡಿದ. ಕೃತವರ್ಮ ಕುದುರೆಗಳನ್ನು ಕೊಂದ. ಕೃಪ ರಥದ ಪಕ್ಕದ ಸಾರಥಿಗಳನ್ನು ಕೊಂದ. ಕತ್ತಿ ಗುರಾಣಿ ಹಿಡಿದು ರಥದಿಂದ ಹಾರಿದರೆ ದ್ರೋಣ ಕತ್ತಿಯನ್ನೂ ಕರ್ಣ ಗುರಾಣಿಯನ್ನೂ ಕಡಿದರು. ಆಮೇಲೆ ರಥದ ಗಾಲಿ, ಆಮೇಲೆ ಗದೆ. ಒಂದೊಂದು ಅಂಗ ಹೋದಂತೆಯೂ ಅವನು ಏನು ಮಾಡಲಾರ, ಇನ್ನೂ ಏನು ಮಾಡಬಲ್ಲ ಎಂಬುದೇ ಅಲ್ಲಿ ಕತೆ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳು ಈ ಸಂದರ್ಭವನ್ನು ಗಂಟೆಗಟ್ಟಲೆ ಎಳೆಯುವುದು ಸುಮ್ಮನೆ ಅಲ್ಲ. ಪೆಟ್ಟಿನ ನಿಜ ಇರುವುದು ರಕ್ತದಲ್ಲಲ್ಲ, ಹೊಗೆಯಲ್ಲಲ್ಲ; ತಿಂದವನ ಕೈಯಿಂದ ಏನು ಜಾರಿಹೋಯಿತೆಂಬುದರಲ್ಲಿ. ಮಾಸ್ಕೋದವರು 2001ರಲ್ಲಿ ಕಂಡುಕೊಂಡದ್ದನ್ನು ನಮ್ಮ ಮುಂದಿನ ಸಾಲಿನ ಅಜ್ಜ ಕವಳ ಜಗಿಯುತ್ತಲೇ ತಿಳಿದಿದ್ದ. ಇದನ್ನು ಹುಡುಗನಿಗೆ ಹೇಳಿದಾಗ ಅವನು ಮೊದಲ ಬಾರಿಗೆ ಹಿಡಿಕೋಲು ಕೆಳಗಿಟ್ಟು ನನ್ನ ಕಡೆ ತಿರುಗಿ, "ಗಾಲಿಯಲ್ಲಿ ಹೊಡೆದಾಡಿದ್ದು ನಿಜವಾ?" ಎಂದು ಕೇಳಿದ.

ಹಾಗಿದ್ದರೆ ಈ ಆಟದಲ್ಲಿ ಸುಳ್ಳೇ ಇಲ್ಲವೇ? ಇದೆ. ಅದು ಎಲ್ಲಿದೆ ಎಂದು ಹುಡುಕುವುದಕ್ಕೆ ನನಗೆ ಸ್ವಲ್ಪ ದಿನ ಹಿಡಿಯಿತು.

ಮೈಗೆ ಆಗುವ ನೋವು ಅಲ್ಲಿ ಇಲ್ಲ ಎನ್ನಬಹುದು. ಅದು ನಿಜ, ಆದರೆ ಹೇಳಿ ಪ್ರಯೋಜನವಿಲ್ಲ. ಕುರ್ಚಿಯಲ್ಲಿ ಕುಳಿತವನಿಗೆ ನೋವಾಗುವುದಿಲ್ಲವೆಂದು ಕುರ್ಚಿಯಲ್ಲಿ ಕುಳಿತವನಿಗೂ ಗೊತ್ತು. 1965ರ ಸೆಪ್ಟೆಂಬರ್ 22ರಂದು, ಯುದ್ಧ ನಿಲ್ಲುವ ಹೊತ್ತಿನಲ್ಲಿ, ಜನರಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪನವರ ಹಂಟರ್ ವಿಮಾನಕ್ಕೆ ನೆಲದಿಂದ ಹಾರಿದ ಗುಂಡು ತಗುಲಿತು. ಅವರು ಆಸನಸಮೇತ ಹೊರಕ್ಕೆ ಚಿಮ್ಮಿ ಪಾರಾದರು, ಬೆನ್ನುಮೂಳೆಗೆ ಪೆಟ್ಟಾಯಿತು, ಪಾಕಿಸ್ತಾನದಲ್ಲಿ ಸೆರೆಯಾದರು. ಹುಡುಗನ ಆಟದಲ್ಲಿಯೂ ಚಿಮ್ಮುವುದಕ್ಕೆ ಒಂದು ಕೀಲಿಯಿದೆ. ಒತ್ತಿದರೆ ಕೊಡೆ ಬಿಚ್ಚುತ್ತದೆ, ಮರುನಿಮಿಷದಲ್ಲಿ ಹೊಸ ವಿಮಾನ ಸಿದ್ಧ. ಇದು ಎಲ್ಲರೂ ಬಲ್ಲ ಸುಳ್ಳು. ನಾನು ಹೇಳುವುದು ಅದನ್ನಲ್ಲ.

ಆಟ ಮುಗಿದೊಡನೆ ಹುಡುಗ ಒಂದು ಪಟ್ಟಿಯನ್ನು ತೆರೆಯುತ್ತಾನೆ. ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಎಷ್ಟು ಗುಂಡು ಹೊಡೆದರು, ಯಾವುದು ಎಲ್ಲಿ ನಾಟಿತು, ಎಲ್ಲ ಅಲ್ಲಿ ಬರೆದಿರುತ್ತದೆ. 'ವಾರ್ ಥಂಡರ್' ಎಂಬ ಆಟದಲ್ಲಂತೂ ವಿಮಾನವನ್ನು ಎಕ್ಸ್‌-ರೇಯಲ್ಲಿ ನೋಡಿದಂತೆ ತೋರಿಸಿ, ಗುಂಡು ಹೊಕ್ಕ ದಾರಿಯನ್ನೂ ಅದು ಕೆಡಿಸಿದ ಭಾಗವನ್ನೂ ಕೆಂಪು ಬಣ್ಣದಲ್ಲಿ ಕಾಣಿಸುತ್ತಾರೆ. ಬಿದ್ದ ವಿಮಾನ, ಮರಳಿದ ವಿಮಾನ ಎಂಬ ಭೇದವಿಲ್ಲ. ಎರಡರ ಲೆಕ್ಕವೂ ಸ್ಪಷ್ಟ. ಇಲ್ಲಿ ಒಬ್ಬ ಗಣಿತಜ್ಞನ ಹೆಸರು ನೆನಪಾಗದೆ ಇರದು.

ಆಬ್ರಹಾಂ ವಾಲ್ಡ್ ಎಂಬವನು 1938ರಲ್ಲಿ ನಾಜಿಗಳ ಕೈಯಿಂದ ಪಾರಾಗಿ ವಿಯೆನ್ನಾ ಬಿಟ್ಟು ಅಮೆರಿಕಕ್ಕೆ ಹೋದವನು. ಯುದ್ಧಕಾಲದಲ್ಲಿ ಅವನು ಕೊಲಂಬಿಯ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞರ ತಂಡದಲ್ಲಿದ್ದ. ಬಾಂಬರುಗಳ ಯಾವ ಭಾಗಕ್ಕೆ ಕವಚ ಹಾಕಬೇಕು? ಎಲ್ಲಕ್ಕೂ ಹಾಕಿದರೆ ಭಾರಕ್ಕೆ ಏಳಲಾರದು. ಮರಳಿ ಬಂದ ವಿಮಾನಗಳಲ್ಲಿ ಎಲ್ಲಿ ಹೆಚ್ಚು ತೂತುಗಳಿವೆಯೋ ಅಲ್ಲಿ ಹಾಕೋಣವೆಂಬುದು ಯಾರಿಗಾದರೂ ತೋಚುವ ಮಾತು. ವಾಲ್ಡನ ಲೆಕ್ಕ ಇದನ್ನು ತಿರುವಿಹಾಕಿತು. ಆ ತೂತುಗಳನ್ನು ಹೊತ್ತುಕೊಂಡೂ ಈ ವಿಮಾನಗಳು ಮರಳಿ ಬಂದಿವೆಯಲ್ಲ! ಹಾಗಾದರೆ ಅಲ್ಲಿ ಪೆಟ್ಟು ಬಿದ್ದರೆ ಅಪಾಯ ಕಡಿಮೆ. ಮರಳಿದವುಗಳಲ್ಲಿ ಇಂಜಿನ್ನಿಗೆ ಪೆಟ್ಟಾದವು ವಿರಳವೆಂದರೆ, ಇಂಜಿನ್ನಿಗೆ ಪೆಟ್ಟಾದವು ಮರಳಲಿಲ್ಲವೆಂದು ಅರ್ಥ. ಜನ ಈ ಕತೆಗೆ ಈಗ ಸಾಕಷ್ಟು ಬಣ್ಣ ಹಚ್ಚಿದ್ದಾರೆ. ಅವನ 1943ರ ಟಿಪ್ಪಣಿಗಳಲ್ಲಿ ಇರುವುದು ಒಣ ಗಣಿತ. ಆದರೆ ಗಣಿತದ ತಿರುಳು ಅದೇ: ಕಣ್ಣಿಗೆ ಬೀಳುವ ಗಾಯಗಳೆಲ್ಲ ಬದುಕಿ ಬಂದವರ ಗಾಯಗಳು.

ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗಲೆಲ್ಲ ಕೊನೆಗೆ ಒಂದು ಮಾತು ಸೇರಿಸುತ್ತಿದ್ದೆ. ವಾಲ್ಡ್ ಭಾರತ ಸರ್ಕಾರದ ಆಮಂತ್ರಣದ ಮೇಲೆ ಉಪನ್ಯಾಸ ಕೊಡಲು ನಮ್ಮ ದೇಶಕ್ಕೆ ಬಂದಿದ್ದ. 1950ರ ಡಿಸೆಂಬರ್ 13ರಂದು ಅವನೂ ಹೆಂಡತಿಯೂ ಕುಳಿತಿದ್ದ ವಿಮಾನ ನೀಲಗಿರಿ ಬೆಟ್ಟಕ್ಕೆ ಬಡಿದು ಇಬ್ಬರೂ ತೀರಿಕೊಂಡರು. ಮರಳಿ ಬಾರದ ವಿಮಾನಗಳ ಲೆಕ್ಕ ಹಾಕಿದವನ ವಿಮಾನ, ನಮ್ಮ ರಾಜ್ಯದ ಗಡಿಯ ಆಚೆಗೆ ಕಾಣುವ ಆ ಬೆಟ್ಟದಲ್ಲಿ ಉಳಿಯಿತು.

ಆಟದ ಪಟ್ಟಿಯನ್ನು ನೋಡಿದಾಗ ನನಗೆ ಹೊಳೆದದ್ದು ಇದು. ಯಂತ್ರದ ವಿಷಯದಲ್ಲಿ ಅದು ಎಷ್ಟು ಸತ್ಯವಂತವೋ ಸಾಕ್ಷಿಯ ವಿಷಯದಲ್ಲಿ ಅಷ್ಟೇ ಸುಳ್ಳು ಹೇಳುತ್ತದೆ. ಅಲ್ಲಿ ಬಿದ್ದವನಿಗೂ ತನ್ನ ಕತೆ ಪೂರ್ತಿ ತಿಳಿಯುತ್ತದೆ. ನಿಜದಲ್ಲಿ ಹಾಗಿಲ್ಲವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕೊಡಗಿಗೆ ಹೋದರೆ ಸಾಕು.

ಅಜ್ಜಮಾಡ ಬೋಪಯ್ಯ ದೇವಯ್ಯನವರು 1932ರಲ್ಲಿ ಕೊಡಗಿನಲ್ಲಿ ಹುಟ್ಟಿದವರು. 1965ರ ಸೆಪ್ಟೆಂಬರ್ 7ರಂದು ಪಂಜಾಬಿನ ಆದಂಪುರ ನೆಲೆಯಿಂದ ಒಂದನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರದು ಕಾದಿರಿಸಿದ ವಿಮಾನ. ಹೊರಟವುಗಳಲ್ಲಿ ಒಂದು ಕೆಟ್ಟರೆ ಮಾತ್ರ ಸೇರಿಕೊಳ್ಳಬೇಕು. ಸೇರಿಕೊಂಡರು. ಮರಳಿ ಬರುವಾಗ ಉಳಿದವರೊಡನೆ ಅವರು ಇರಲಿಲ್ಲ. ಯಾರೂ ನೋಡಿರಲಿಲ್ಲ. ಕಾಣೆಯಾದರೆಂದು ಬರೆದರು, ಆಮೇಲೆ ಸತ್ತರೆಂದು ಭಾವಿಸಿದರು. ನಮ್ಮ ಕಡೆಯ ಪುಸ್ತಕದಲ್ಲಿ ಅವರ ಕತೆ ಅಷ್ಟಕ್ಕೇ ನಿಂತಿತು.

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಆ ಯುದ್ಧದ ಮೇಲೆ ಬರೆದ ಪುಸ್ತಕ ಹೊರಬಂತು. ಅವನು ಬರೆದದ್ದು ಪಾಕಿಸ್ತಾನದ ವಾಯುಪಡೆಯವರು ಕೊಟ್ಟ ವಿವರಗಳಿಂದ. ಅಂದು ಅಮ್ಜದ್ ಹುಸೇನ್ ಎಂಬ ವೈಮಾನಿಕ ಸ್ಟಾರ್‌ಫೈಟರ್ ವಿಮಾನದಲ್ಲಿ ಬಂದು ಒಂದು ಮಿಸ್ಟೇರನ್ನು ಹಿಡಿದ. ಶಬ್ದಕ್ಕಿಂತ ಇಮ್ಮಡಿ ವೇಗದಲ್ಲಿ ಹೋಗಬಲ್ಲ ವಿಮಾನ ಅದು. ಮಿಸ್ಟೇರ್ ಅದರ ಮುಂದೆ ಎತ್ತಿನಗಾಡಿ. ಫಿರಂಗಿಯ ಗುಂಡುಗಳು ಮಿಸ್ಟೇರಿಗೆ ತಗುಲಿದವು. ಅದರ ಕೆಲಸ ಮುಗಿಯಿತೆಂದು ಅವನು ತಿಳಿದ. ಮುಗಿದಿರಲಿಲ್ಲ. ಪೆಟ್ಟು ತಿಂದ ಆ ವಿಮಾನ ಮನೆಯ ದಾರಿ ಹಿಡಿಯುವ ಬದಲು ತಿರುಗಿ ನಿಂತು, ನೆಲಕ್ಕೆ ತಾಗುವಷ್ಟು ಕೆಳಗೆ ಹೋರಾಡಿ, ಸ್ಟಾರ್‌ಫೈಟರಿಗೆ ಗುಂಡಿಟ್ಟಿತು. ಅಮ್ಜದ್ ಹುಸೇನ್ ಚಿಮ್ಮಿ ಬದುಕಿಕೊಂಡ. ಮಿಸ್ಟೇರಿನಲ್ಲಿದ್ದವರು ಬದುಕಲಿಲ್ಲ. ಅದು ಯಾರ ವಿಮಾನವೆಂದು ನಮ್ಮವರು ಲೆಕ್ಕ ಹಿಡಿದು ನೋಡಿದಾಗ ಅಲ್ಲಿ ಇದ್ದಿರಬಹುದಾದವರು ದೇವಯ್ಯನವರೊಬ್ಬರೇ. 1988ರಲ್ಲಿ, ಅಂದರೆ ಇಪ್ಪತ್ತಮೂರು ವರ್ಷಗಳ ಮೇಲೆ, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. 2025ರಲ್ಲಿ ಈ ಕತೆಯ ಎಳೆ ಹಿಡಿದು ಹಿಂದಿಯಲ್ಲಿ ಒಂದು ಚಲನಚಿತ್ರವೂ ಬಂತು. ಅದರಲ್ಲಿ ಬೆಂಕಿ ಹೊಗೆಗಳಿಗೆ ಕೊರತೆಯಿಲ್ಲ.

ಯೋಚಿಸಿ ನೋಡಿ. ಹೊಡೆದವನು ಬದುಕಿ ಉಳಿದು, ಬಾಯಿಬಿಟ್ಟು ಹೇಳಿದ್ದರಿಂದ ಸತ್ತವನ ಶೌರ್ಯ ಊರಿಗೆ ತಿಳಿಯಿತು. ಅವನೂ ಅಂದು ಸತ್ತಿದ್ದರೆ, ಅಥವಾ ಮಾತಾಡಲು ಒಲ್ಲದಿದ್ದರೆ, ದೇವಯ್ಯನವರು ಇಂದಿಗೂ 'ಕಾಣೆಯಾದವರು'.

ಹುಡುಗನಿಗೆ ಇದನ್ನು ಹೇಳಿದ ರಾತ್ರಿ ಮಳೆ ಹಿಡಿದಿತ್ತು, ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಕೇಳಿದವನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಆಮೇಲೆ ಆ ಕಾಳಗವನ್ನೇ ತಾನು ಆಟದಲ್ಲಿ ಕಟ್ಟುತ್ತೇನೆಂದ. ಅವನ ಆಟದಲ್ಲಿ ಸನ್ನಿವೇಶಗಳನ್ನು ಆಡುವವರೇ ಹೆಣೆದುಕೊಳ್ಳುವ ಅನುಕೂಲವಿದೆಯಂತೆ. ಮಿಸ್ಟೇರ್ ಅಲ್ಲಿ ಸಿಗಲಿಲ್ಲ. ಅದೇ ಕಾಲದ ಸೇಬರ್ ವಿಮಾನ ಸಿಕ್ಕಿತು. ವಿನೋದವೆಂದರೆ ಆ ಯುದ್ಧದಲ್ಲಿ ಸೇಬರ್ ಎದುರಾಳಿಗಳ ವಿಮಾನ. ಅಡ್ಡಿಯಿಲ್ಲ ಎಂದ. ಎತ್ತರ ಹಾಕಿದ, ವೇಗ ಹಾಕಿದ, ದಿಕ್ಕು ಹಾಕಿದ. ಆಮೇಲೆ ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿ ಬಂತು. ವಿಮಾನದಲ್ಲಿ ಏನೇನು ಕೆಟ್ಟಿರಬೇಕೆಂದು ಅಲ್ಲಿ ಗುರುತು ಹಾಕಬೇಕು: ಇಂಜಿನ್ನು, ಇಂಧನ, ಹೈಡ್ರಾಲಿಕ್ಕು, ವಿದ್ಯುತ್ತು.

"ಪೆಟ್ಟು ಎಲ್ಲಿ ಇಡಲಿ ದೊಡ್ಡಪ್ಪ?" ಎ೦ದ.

ಮರಳಿ ಬಂದ ವಿಮಾನವಾಗಿದ್ದರೆ ಹೇಳಬಹುದಿತ್ತು. ನಾನು ಸುಮ್ಮನಿದ್ದೆ. ಅವನು ಇಂಜಿನ್ನಿಗೆ ಗುರುತು ಹಾಕಿದ. ಇಂಜಿನ್ನು ಹೋದರೆ ತಿರುಗಿ ನಿಲ್ಲುವುದಕ್ಕೆ ಆಗುತ್ತಿರಲಿಲ್ಲವೆಂದು ತಾನೇ ಅಳಿಸಿದ. ಹೈಡ್ರಾಲಿಕ್ಕಿಗೆ ಹಾಕಿದ, ಅಳಿಸಿದ. ಹೀಗೆ ಬಹಳ ಹೊತ್ತು ನಡೆಯಿತು.

ಅಷ್ಟರಲ್ಲಿ ಅವನ ತಾಯಿ ಕಷಾಯ ಹಿಡಿದುಕೊಂಡು ಮೇಲೆ ಬಂದಳು. ಇದು ಯಾವ ಆಟವೆಂದು ಕೇಳಿದಳು. ಹುಡುಗ ಪರದೆಯಿಂದ ಕಣ್ಣು ತೆಗೆಯದೆ, ಆದಂಪುರದಿಂದ ಹಿಡಿದು ಎಲ್ಲವನ್ನೂ ಹೇಳಿದ. ನಾನು ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳಿದ. ಅವಳು ಮಂಚದ ಅಂಚಿನಲ್ಲಿ ಕುಳಿತು ಪೂರ್ತಿ ಕೇಳಿದಳು.

"ಅವರ ಮನೆಯವಕ್ಕೆ ಯಾವಾಗ ಗೊತ್ತಾತು?" ಎಂದಳು.

"ಹದಿನಾಲ್ಕು ವರ್ಷ ಕಳೆದ ಮೇಲೆ, ಆಯಿ."

ಲೋಟ ಅಲ್ಲಿಯೇ ಇಟ್ಟು ಅವಳು ಕೆಳಗಿಳಿದು ಹೋದಳು. ಅರ್ಜಿ ಹಾಕುವುದಕ್ಕೆ ಇನ್ನು ಒಂಬತ್ತು ದಿನವಿತ್ತು.